ಇರುದಯರಾಜನ ಲೆಕ್ಕ

ಪೇಪರಿನವರು ಒಮ್ಮೆ ಉದಯರಾಜ್ ಅಂತ ಹಾಕಿದರು,
ಇನ್ನೊಮ್ಮೆ ಹೃದಯರಾಜ್.
ಏಳು ವಿಕೆಟ್ ಕಿತ್ತ ದಿನ ಹೆಸರೇ ಇಲ್ಲ,
'ಭದ್ರಾವತಿಯ ಎಡಗೈ ಸ್ಪಿನ್ನರ್', ಅಷ್ಟೆ.
ಅದನ್ನೇ ಕತ್ತರಿಸಿ
ಟಿಫಿನ್ ಡಬ್ಬಿಯ ಮುಚ್ಚಳದೊಳಗೆ ಅಂಟಿಸಿಕೊಂಡ.
ಸಾರಿನ ಹಬೆ ತಾಗಿ ತಾಗಿ
ಭದ್ರಾವತಿ ಅಳಿಸಿತು, ಎಡಗೈ ಉಳಿಯಿತು.

ಕಾರ್ಖಾನೆಯಲ್ಲಿ ಫಿಟ್ಟರ್.
ರಾತ್ರಿ ಪಾಳಿ ಮುಗಿಸಿ ಏಳರ ಬಸ್ಸಿಗೆ ಶಿವಮೊಗ್ಗ.
ಗ್ರೀಸು ಹೋಗದ ಉಗುರು,
ಅದೇ ಉಗುರಲ್ಲಿ ಚೆಂಡಿನ ಹೊಲಿಗೆ ತಡಕುತ್ತಿದ್ದ.
ನಾನು ಸ್ಕೋರರ್.
ಬ್ಯಾಟೂ ಬಾರದ ಬಾಲೂ ಬಾರದ ಹೈಸ್ಕೂಲು ಗುಮಾಸ್ತ,
ಅಕ್ಷರ ದುಂಡಗಿದೆ ಎಂದು ಲೀಗಿನವರು ಕರೆದು ಕೂರಿಸಿದ್ದರು.
ಪೆನ್ಸಿಲು ನನ್ನದು, ಚಹಾ ಅವರದು.

ತೆಂಗಿನ ನಾರಿನ ಮ್ಯಾಟು. ಅದಕ್ಕೆ ಮೊಳೆ ಹೊಡೆಯುವವನೂ ಅವನೇ.
ಸುತ್ತಿಗೆ ಹಿಡಿದರೆ ಅವನಷ್ಟು ನೇರ ಹೊಡೆಯುವವರಿಲ್ಲ.
ಬ್ಯಾಟು ಹಿಡಿದರೆ, ಆ ಮಾತು ಬೇಡ:
ಹತ್ತೊಂಬತ್ತು ವರ್ಷಕ್ಕೆ ಇನ್ನೂರ ಆರು ರನ್ನು,
ಬೌಂಡರಿ ಹದಿನೇಳು,
ಒಂಬತ್ತು ಸ್ಲಿಪ್ಪಿನ ತಲೆ ಮೇಲೆ.

ಬಾಲು ಹಾಕಲು ಓಡಿ ಬರುತ್ತಿರಲಿಲ್ಲ.
ಆರು ಹೆಜ್ಜೆ, ಬೀಡಿ ತರಲು ಹೊರಟವನ ಹಾಗೆ.
ಕೊನೆಯ ಹೆಜ್ಜೆಯಲ್ಲಿ
ಚಿಲ್ಲರೆ ಮರೆತು ಬಂದೆನಾ ಎಂದು ನಿಂತಂತೆ ಒಂದು ಚಣ.
ಅಷ್ಟರಲ್ಲಿ ಬ್ಯಾಟ್ಸ್‌ಮನ್ ಅರ್ಧ ಔಟು.

ಒಮ್ಮೆ ಮೇಲಿನಿಂದ ಕರೆ ಬಂತು.
ಹುಬ್ಬಳ್ಳಿಯಲ್ಲಿ ಅಂತರವಲಯ,
ಹದಿನಾಲ್ಕು ಜನರ ಪಟ್ಟಿಯಲ್ಲಿ ಹದಿಮೂರನೆಯವನು.
ಎರಡು ದಿನ ನೀರು ಹೊತ್ತ.
ಮೂರನೆಯ ದಿನ ಯಾರದೋ ಬೆರಳು ಮುರಿದು ಒಳಗಿಳಿದ,
ಬದಲಿಯವನ ಕೈಗೆ ಬಾಲು ಕೊಡುವ ಹಾಗಿಲ್ಲ.
ಒಂದು ಕ್ಯಾಚು ಹಿಡಿದ, ಬಗ್ಗಿ, ಹುಲ್ಲಿನ ಮಟ್ಟದಲ್ಲಿ.
ಕಾರ್ಡಿನಲ್ಲಿ ಬರೆದರು: ಕ್ಯಾಚ್ ಸಬ್.
ಸಬ್ ಅಂದರೇನು, ಹೆಂಡತಿ ಕೇಳಿದಳಂತೆ.
ಹಿಂದಿ ಕಣೇ, ಎಲ್ಲರೂ ಅಂತ ಅರ್ಥ,
ಅಂದನಂತೆ.

ಈಗ ನನ್ನ ತಪ್ಪಿಗೆ ಬರುತ್ತೇನೆ.
ಸಾಗರದವರ ಮೇಲೆ ಆಟ, ಫೆಬ್ರವರಿ, ಸುಂಟರಗಾಳಿ.
ಪುಟ ಹಾರಿತು. ಮಂಡಿಯಲ್ಲಿ ಒತ್ತಿ ತಲೆ ಎತ್ತಿದರೆ
ಅವರ ಓಪನರ್ ಗ್ಲೌಸು ಬಿಚ್ಚುತ್ತ ವಾಪಸ್ಸು ಬರುತ್ತಿದ್ದಾನೆ.
ಓವರಿನ ಕೊನೆಯ ಚೆಂಡು ಬೇರೆ,
ಎಲ್ಲರೂ ಈ ತುದಿಯಿಂದ ಆ ತುದಿಗೆ.
ಯಾರಪ್ಪಾ ಹಾಕಿದ್ದು?
ವಿಠೋಬ, ಅಂದ ಪಕ್ಕದ ಹುಡುಗ, ಕಡಲೆಕಾಯಿ ಸುಲಿಯುತ್ತ.
ಬರೆದೆ.

ಸಂಜೆ ಅವನು ಪುಸ್ತಕದ ಮೇಲೆ ಬಗ್ಗಿದ,
ಏನೂ ಅನ್ನಲಿಲ್ಲ.
ಬಸ್ಸಿನ ಮೆಟ್ಟಿಲಲ್ಲಿ ಒಂದು ಕಾಲಿಟ್ಟು,
ಸಾರ್, ಅದು ನಂದು.

ಅಂದಿನಿಂದ ಎರಡು ಲೆಕ್ಕ.
ನಾನ್ನೂರ ಹನ್ನೆರಡು ನನ್ನ ಪುಸ್ತಕದಲ್ಲಿ,
ನಾನ್ನೂರ ಹದಿಮೂರು ಅವನ ಬಾಯಲ್ಲಿ.
ಅವನ ಮಗಳ ಮದುವೆಯ ಪಂಕ್ತಿಯಲ್ಲಿ, ಪಾಯಸ ಬಡಿಸುತ್ತ,
ಸಾರ್, ಅದು ನಂದು.
ಕಾರ್ಖಾನೆ ಗೇಟಿಗೆ ಬೀಗ ಬಿದ್ದ ವಾರ,
ಎಲ್ಲ ಬಿಟ್ಟು ಅದೇ ಮಾತು.

ಹೋದ ತಿಂಗಳು ಸಿಕ್ಕಿದ, ಬಸ್‌ಸ್ಟ್ಯಾಂಡ್ ಎದುರಿನ ಹೋಟೆಲಿನಲ್ಲಿ.
ಸ್ಕೂಲು ಹುಡುಗರ ಮ್ಯಾಚಿಗೆ ಅಂಪೈರು,
ಬಿಳಿ ಕೋಟು ಮಡಚಿ ತೊಡೆಯ ಮೇಲೆ,
ಜೇಬಿನಲ್ಲಿ ಓವರೆಣಿಸುವ ಆರು ಹುಣಸೆ ಬೀಜ.
ಹಳೆಯ ಪುಸ್ತಕ ಮನೆಯಲ್ಲೇ ಇದೆ ಮಾರಾಯ,
ಇವತ್ತೇ ತಿದ್ದಿಬಿಡುತ್ತೇನೆ, ಅಂದೆ.
ಬೇಡ ಸಾರ್, ಅಂದ. ವಿಠೋಬನಿಗೆ ಜೀವನದಲ್ಲಿ
ಐದು ವಿಕೆಟ್ ಸಿಕ್ಕಿದ್ದು ಅದೊಂದೇ ಸಲ.
ಚೆಂಡನ್ನು ಗಾಜಿನ ಪೆಟ್ಟಿಗೆಯಲ್ಲಿಟ್ಟಿದ್ದಾರೆ,
ಅವನ ಫೋಟೋಕ್ಕೆ ಹಾಕಿದ ಹಾರ
ಅದರ ಮೇಲೂ ಬೀಳುತ್ತೆ.
ನೀವು ತಿದ್ದಬೇಡಿ,
ನಾನು ಸುಮ್ನೆ ಹೇಳ್ತಾ ಇರ್ತೀನಿ.

ಆಮೇಲೆ ಟೇಬಲ್ಲಿನ ಮೇಲಿದ್ದ ನಿಂಬೆಹಣ್ಣು ಎತ್ತಿ,
ಹೀಗೆ ಹಾಕಿದ್ದೆ ನೋಡಿ, ಎಂದು
ಬೆರಳ ಸಂದಿನಿಂದ ಬಿಟ್ಟ.
ನೀರಿನ ಲೋಟದತ್ತ ಹೊರಟದ್ದು
ಅದಕ್ಕೆ ತಾಗದೆ, ತಿರುಗಿ,
ಉಪ್ಪಿನ ಬಟ್ಟಲು ಬೀಳಿಸಿ ನೆಲಕ್ಕುರುಳಿತು.
ಮಾಣಿ ಹೆಕ್ಕಿ ಕೈಯಲ್ಲಿ ಹಿಡಿದು ಕೇಳಿದ:
ಯಾರದು ಸಾರ್ ಇದು?

ಇವರದು, ಅಂದೆ.